ಹಳೆಯ ಬೋರ್ಡ್ ಬರೆದುಕೊಟ್ಟ ಪಟ್ಟಿ

2024ರ ಮಾರ್ಚ್ ತಿಂಗಳು. ಹೋಳಿಗೆ ಇನ್ನು ಹತ್ತೇ ದಿನ ಉಳಿದಿತ್ತು. ಹಳೆ ಬಾಗಲಕೋಟೆಯ ಓಣಿಗಳಲ್ಲಿ ಹಲಗೆ ಬಡಿಯುವ ಹುಡುಗರು ಸಂಜೆಯಾದರೆ ಸಾಕು ಸೇರತೊಡಗಿದ್ದರು. ನವನಗರದ ನನ್ನ ಡಿಟಿಪಿ ಅಂಗಡಿಯಲ್ಲಿ ಏಳು ಲಗ್ನಪತ್ರಿಕೆ, ಬಣ್ಣದ ಬಂಡಿಯವರ ಎರಡು ಫ್ಲೆಕ್ಸ್, ಒಂದು ಟ್ರ್ಯಾಕ್ಟರಿನ ರೇಡಿಯಂ ಹೆಸರು ಬಾಕಿ ಇದ್ದವು. ಮಧ್ಯಾಹ್ನ ಮೂರರ ಸುಮಾರಿಗೆ, ‘ಶ್ರೀ ಬನಶಂಕರಿ ಪ್ರಸನ್ನ’ ಎಂಬ ಸಾಲಿಗೆ ಕುಂಕುಮದ ಬಣ್ಣ ತುಂಬುತ್ತಿದ್ದಾಗ ಪರದೆ ಕಪ್ಪಾಯಿತು. ಕ್ಯಾಬಿನೆಟ್‌ನೊಳಗಿಂದ ಕಡ್ಡಿ ಮುರಿದಂಥ ಸಣ್ಣ ಸದ್ದು ಬಂತು. ಅದರ ಬೆನ್ನಿಗೇ ಸುಟ್ಟ ವಾಸನೆ.

ಆ ಕಂಪ್ಯೂಟರನ್ನು 2014ರಲ್ಲಿ ಕೊಂಡಿದ್ದೆ. ಹತ್ತು ವರ್ಷ ಅದು ನನ್ನ ಮನೆಯ ಅನ್ನ ಸಂಪಾದಿಸಿತ್ತು. ಅಪ್ಪ ಹಳೆ ಊರಿನಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದವರು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯನ್ನು ನುಂಗಿದಾಗ ಅವರ ಟ್ರೆಡಲ್ ಯಂತ್ರ ಗುಜರಿಗೆ ಹೋಯಿತು, ಪರಿಹಾರದ ಹಣದಲ್ಲಿ ನವನಗರದಲ್ಲಿ ಮನೆ ಆಯಿತು, ಕೆಲಸ ಕಂಪ್ಯೂಟರಿಗೆ ಬಂತು. ಹಾಗಾಗಿ ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ನಿಂತಿತೆಂದರೆ ಅಚ್ಚಿನ ಯಂತ್ರವೇ ನಿಂತಂತೆ.

ರಿಪೇರಿಯ ಹುಡುಗ ಸಂಜೆ ಬಂದ. ವಿದ್ಯುತ್ ಪೂರೈಸುವ ಪೆಟ್ಟಿಗೆ, ಅಂದರೆ ಬೇರೆ ಎಸ್‌ಎಂಪಿಎಸ್ ಹಚ್ಚಿ ನೋಡಿದ, ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ನೋಡಿದ. ಕೊನೆಗೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡನ್ನೇ ಹೊರಗೆ ತೆಗೆದು ಮೊಬೈಲಿನ ಬೆಳಕು ಬಿಟ್ಟು, “ಅಣ್ಣಾ, ಇಲ್ಲಿ ನೋಡಿ” ಎಂದ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಎಡಕ್ಕೆ ಉಗುರಿನ ಅರ್ಧದಷ್ಟಿದ್ದ ಕಪ್ಪು ಚೌಕಗಳು ಸಾಲಾಗಿದ್ದವು. ಅವುಗಳಲ್ಲೊಂದರ ಬೆನ್ನು ಸೀಳಿ, ಸುತ್ತಲಿನ ಹಸಿರು ಬಣ್ಣ ಕಂದಾಗಿತ್ತು. “ಮಾಸ್‌ಫೆಟ್ ಹೋಗಿದೆ. ಇದರ ಮೇಲೆ ಬಿಸಿ ಹೀರಿಕೊಳ್ಳುವ ಲೋಹದ ಹೀಟ್‌ಸಿಂಕ್ ಇಲ್ಲವೇ ಇಲ್ಲ. ನಮ್ಮ ಊರಿನ ಬೇಸಿಗೆಯಲ್ಲಿ ಹತ್ತು ವರ್ಷ ಬಾಳಿದ್ದೇ ದೊಡ್ಡದು.”

ಅವನು ಒಂದು ದಾರಿ ಹೇಳಿದ. ಅದೇ ನಾಲ್ಕನೆಯ ತಲೆಮಾರಿನ ಪ್ರೊಸೆಸರಿಗೆ ಹೊಂದುವ ಎಚ್81 ಬೋರ್ಡ್ 2,800 ರೂಪಾಯಿಗೆ ಸಿಗುತ್ತದೆ. ಹೊಸ ಪೆಟ್ಟಿಗೆಯಲ್ಲೇ ಬರುತ್ತದೆ, ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ನಾವು ಕೇಳಿದ್ದಲ್ಲ. ನಾಳೆಯೇ ಕೆಲಸ ಶುರುವಾಗುತ್ತದೆ. ಲಗ್ನದ ಸುಗ್ಗಿಯಲ್ಲಿ ಆ ಮಾತು ಬಹಳ ಸಿಹಿಯಾಗಿ ಕೇಳಿಸಿತು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುವ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದು ಆಗಲೇ ಗೊತ್ತಿತ್ತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೆಯ ತಲೆಮಾರು ಅಥವಾ ಅದರ ಮೇಲಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಗಿರಾಕಿಗಳ ಆಧಾರ್, ಪಾನ್ ಪ್ರತಿಗಳು ದಿನವೂ ಬಂದು ಬೀಳುವ ಕಂಪ್ಯೂಟರನ್ನು ಇನ್ನು ಒಂದೂವರೆ ವರ್ಷಕ್ಕೆ ಕಾವಲಿಲ್ಲದೆ ಬಿಡುವುದು ನನಗೆ ಒಪ್ಪಲಿಲ್ಲ. ಆ ವಾರದ ಮಟ್ಟಿಗೆ ಮಾವನ ಮಗನ ಲ್ಯಾಪ್‌ಟಾಪ್ ತಂದು ಪತ್ರಿಕೆಗಳನ್ನು ಮುಗಿಸಿದೆ. ಹೊಸ ಕಂಪ್ಯೂಟರಿಗೆ 35,000 ರೂಪಾಯಿ ಎಂದು ಮನೆಯಲ್ಲಿ ಕೂತು ಗಡಿ ಹಾಕಿಕೊಂಡೆವು. ಮಾನಿಟರ್, ಕೀಲಿಮಣೆ, ಮೌಸ್ ಹಳೆಯವೇ ಇರಲಿ ಎಂದಾಯಿತು.

ಮದರ್‌ಬೋರ್ಡ್ ಆರಿಸುವುದು ಇಷ್ಟು ಕಷ್ಟ ಎಂದು ನನಗೆ ಮೊದಲು ತಿಳಿದಿರಲಿಲ್ಲ. ಪ್ರೊಸೆಸರಿನ ವೇಗ ಕಣ್ಣಿಗೆ ಕಾಣುತ್ತದೆ, ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಕಂಪ್ಯೂಟರ್ ಬೇಗ ಏಳುತ್ತದೆ. ಬೋರ್ಡ್ ಚೆನ್ನಾಗಿದ್ದರೆ ಏನೂ ಕಾಣುವುದಿಲ್ಲ. ಐದು ಸಾವಿರದ್ದಕ್ಕೂ ಹನ್ನೆರಡು ಸಾವಿರದ್ದಕ್ಕೂ ಒಂದೇ ಪ್ರೊಸೆಸರ್ ಕೂರುತ್ತದೆ, ಎರಡರಲ್ಲೂ ಅದೇ ಪತ್ರಿಕೆ ತಯಾರಾಗುತ್ತದೆ. ಹಾಗಾದರೆ ಆ ಏಳು ಸಾವಿರ ಯಾವುದಕ್ಕೆ? ಮೂರು ರಾತ್ರಿ ಮೊಬೈಲಿನಲ್ಲಿ ವೀಡಿಯೊ ನೋಡಿದೆ. ಅವುಗಳಲ್ಲಿ ಬಹುಪಾಲು ಆಟ ಆಡುವವರಿಗಾಗಿ ಮಾಡಿದವು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾಲ್ಕನೆಯ ರಾತ್ರಿ, ಸತ್ತು ಬಿದ್ದಿದ್ದ ಬೋರ್ಡಿನಲ್ಲಿ.

ಅದನ್ನು ಹಳೆಯ ಪತ್ರಿಕೆಯ ಮೇಲೆ ಹಾಸಿ, ಟ್ಯೂಬ್‌ಲೈಟಿನ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಎಲ್ಲೆಲ್ಲಿ ಏನೇನು ಸಿಕ್ಕಿಸಿದ್ದೆನೋ ಅಲ್ಲಿ ಲೋಹ ಹೊಳೆಯುತ್ತಿತ್ತು. ಉಳಿದ ಕಡೆ ಹತ್ತು ವರ್ಷದ ಧೂಳು ಕಪ್ಪು ಜಮಖಾನೆಯಂತೆ ಕೂತಿತ್ತು. ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟ್ ಬಾಯ್ತುಂಬ ಧೂಳು. ಅದರ ಕೆಳಗಿನ ಎರಡು ಸಣ್ಣ ಸ್ಲಾಟ್‌ಗಳಲ್ಲೂ ಧೂಳು. ಹಾರ್ಡ್‌ಡಿಸ್ಕ್ ಜೋಡಿಸುವ ಸಾಟಾ ಕಿಂಡಿಗಳು ನಾಲ್ಕಿದ್ದವು, ಬಳಸಿದ್ದು ಎರಡು. ರ‍್ಯಾಮ್‌ನ ಎರಡೂ ಸ್ಲಾಟ್ ಸ್ವಚ್ಛವಾಗಿದ್ದವು. ಎರಡನೆಯ 4 ಜಿಬಿ ಕಡ್ಡಿಯನ್ನು 2018ರಲ್ಲಿ ಹಾಕಿದ್ದೆ. ಹಿಂದಿನ ಮುಖದಲ್ಲಿ ಮಾನಿಟರ್ ಜೋಡಿಸುವ ವಿಜಿಎ ಕಿಂಡಿಯ ಬಣ್ಣ ಸವೆದಿತ್ತು. ಬೋರ್ಡಿನ ಕೆಳ ಅಂಚಿನಲ್ಲಿ ‘ಕಾಂ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿದ್ದ, ಸೀರಿಯಲ್ ಪೋರ್ಟಿನ ಒಂಬತ್ತು ಮುಳ್ಳುಗಳು ಹೊಸದರಂತೆ ಫಳಫಳಿಸುತ್ತಿದ್ದವು. ರೇಡಿಯಂ ಕತ್ತರಿಸುವ ನನ್ನ ಪ್ಲಾಟರ್ ಹತ್ತು ವರ್ಷವೂ ಅಲ್ಲಿಗೇ ಜೋಡಣೆಯಾಗಿತ್ತು.

ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡೆ. ಬೇಕು: ರ‍್ಯಾಮ್ ಸ್ಲಾಟ್ ಎರಡು, ವಿಜಿಎ ಕಿಂಡಿ, ಸೀರಿಯಲ್ ಪೋರ್ಟಿನ ಮುಳ್ಳುಗಳು, ಸಾಟಾ ಎರಡು, ಹೊಸದಾಗಿ ಎಸ್‌ಎಸ್‌ಡಿಗೆ ಒಂದು ಎಂ.2 ಕಿಂಡಿ. ಬೇಡ: ಹೆಚ್ಚಿನ ವಿಸ್ತರಣಾ ಸ್ಲಾಟ್, ಬಣ್ಣದ ದೀಪ, ವೈಫೈ, ಓವರ್‌ಕ್ಲಾಕ್ (ಪ್ರೊಸೆಸರನ್ನು ನಿಗದಿಗಿಂತ ವೇಗವಾಗಿ ಓಡಿಸುವುದು). ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ಆ ಕಪ್ಪು ಚೌಕಗಳ ಮೇಲೆ ಹೀಟ್‌ಸಿಂಕ್. ಹತ್ತು ವರ್ಷ ನಾನು ಏನು ಬಳಸಿದೆ, ಏನು ಬಳಸಲಿಲ್ಲ, ಕೊನೆಗೆ ಯಾವುದರಿಂದ ಕೆಟ್ಟಿತು, ಮೂರನ್ನೂ ಆ ಬೋರ್ಡೇ ಹೇಳಿತ್ತು.

ಮರುದಿನ ದರ ವಿಚಾರಿಸಲು ಹೊರಟೆ. ನಮ್ಮ ಊರಿನ ಎರಡು ಅಂಗಡಿ, ಹುಬ್ಬಳ್ಳಿಯ ಒಂದು ಅಂಗಡಿಗೆ ಫೋನ್, ಜೊತೆಗೆ ಆನ್‌ಲೈನ್. ದಾರಿ ಮೊದಲು ಕವಲೊಡೆಯುವುದು ಸಾಕೆಟ್ಟಿನಲ್ಲಿ. ಬೋರ್ಡ್ ಕೊಳ್ಳುವುದೆಂದರೆ ಒಂದು ಸಾಕೆಟ್ ಕೊಳ್ಳುವುದು, ಆ ಸಾಕೆಟ್ಟಿಗೆ ಮುಂದೆ ಯಾವ ಪ್ರೊಸೆಸರ್ ಕೂರುತ್ತದೆ ಎಂಬುದೂ ಆಗಲೇ ತೀರ್ಮಾನವಾಗುತ್ತದೆ. ಎಎಂಡಿಯ ಹೊಸ ಸಾಕೆಟ್ ಎಎಂ5 2022ರಲ್ಲಿ ಬಂದದ್ದು, ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ನಡೆಯುತ್ತದೆ. ಮುಂದೆ ಬರುವ ಪ್ರೊಸೆಸರುಗಳಿಗೂ ಅದರಲ್ಲಿ ಜಾಗವಿದೆ, ನಿಜ. ಆದರೆ ಬೋರ್ಡ್, ರ‍್ಯಾಮ್, ಪ್ರೊಸೆಸರ್ ಮೂರೂ ಸೇರಿ ನನ್ನ ಗಡಿಯನ್ನು ಮುರಿಯುತ್ತಿದ್ದವು. ಅದನ್ನು ಅಲ್ಲಿಗೇ ಬಿಟ್ಟೆ.

ಉಳಿದದ್ದು ಎಎಂ4 ಮತ್ತು ಇಂಟೆಲ್‌ನ ಎಲ್‌ಜಿಎ 1700. ಎಎಂ4ನಲ್ಲಿ ರೈಜೆನ್ 5 5600ಜಿ ನನಗೆ ಹೊಂದುತ್ತಿತ್ತು: ಆರು ಕೋರ್, ಒಳಗೇ ಗ್ರಾಫಿಕ್ಸ್, ಅಂದು ಹೇಳಿದ ದರ 12,200. ಅದಕ್ಕೆ ಎ520 ಬೋರ್ಡ್ 5,600, ಬಿ550 ಬೋರ್ಡ್ 9,200 (ಬೋರ್ಡಿಗೆ ಈ ಹೆಸರು ಬರುವುದು ಅದರ ಮೇಲಿನ ಮುಖ್ಯ ಚಿಪ್, ಅಂದರೆ ಚಿಪ್‌ಸೆಟ್ಟಿನಿಂದ). ಬಿ550ಯ ಪೆಟ್ಟಿಗೆಯ ಮೇಲೆ, ಕಾರ್ಡು ಮತ್ತು ಎಸ್‌ಎಸ್‌ಡಿಗಳ ದಾರಿಯ ವೇಗ ಹೇಳುವ ಪಿಸಿಐಇ 4.0 ಎಂದು ದೊಡ್ಡದಾಗಿ ಬರೆದಿರುತ್ತಾರೆ, ಅಂಗಡಿಯವರೂ ಅದನ್ನೇ ಮುಂದಿಡುತ್ತಾರೆ. ಆದರೆ 5600ಜಿ ಪ್ರೊಸೆಸರಿನೊಳಗೆ ಇರುವುದು ಪಿಸಿಐಇ 3.0 ಮಾತ್ರ. ಆ ಜೋಡಿ ತೆಗೆದುಕೊಂಡವರು 4.0ಕ್ಕೆಂದು ಕೊಟ್ಟ ಹಣ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಬೇಕು, ಹೇಳುವವರು ಕಡಿಮೆ.

ಎಲ್‌ಜಿಎ 1700ರಲ್ಲಿ ನನಗೆ ಎರಡು ಜೋಡಿ ಎದುರಾದವು, ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಐ3-12100 ಪ್ರೊಸೆಸರ್ 9,800ಕ್ಕೆ, ಅದಕ್ಕೆ ಬಿ760 ಬೋರ್ಡ್ 11,800ಕ್ಕೆ: ಒಟ್ಟು 21,600. ಇಲ್ಲವೆ ಐ5-12400 ಪ್ರೊಸೆಸರ್ 14,300ಕ್ಕೆ, ಅದಕ್ಕೆ ಎಚ್610 ಬೋರ್ಡ್ 7,200ಕ್ಕೆ: ಒಟ್ಟು 21,500. ಒಂದರಲ್ಲಿ ದೊಡ್ಡ ಮನೆ, ಸಣ್ಣ ಸಂಸಾರ; ಇನ್ನೊಂದರಲ್ಲಿ ಸಣ್ಣ ಮನೆ, ದುಡಿಯುವ ಕೈ ಹೆಚ್ಚು. ಐ3ರಲ್ಲಿ ನಾಲ್ಕು ಕೋರ್, ಐ5ರಲ್ಲಿ ಆರು. ‘ಮೊದಲು ಒಳ್ಳೆಯ ಬೋರ್ಡ್ ತೆಗೆದುಕೊಳ್ಳಿ, ಪ್ರೊಸೆಸರ್ ಆಮೇಲೆ ಬದಲಿಸಬಹುದು’ ಎಂಬ ಮಾತನ್ನು ಎಲ್ಲರೂ ಹೇಳುತ್ತಿದ್ದರು. ಕೇಳಲು ಬುದ್ಧಿವಂತಿಕೆಯ ಮಾತು. ಆದರೆ ನನ್ನ ಹಳೆಯ ಕಂಪ್ಯೂಟರಿನ ಪ್ರೊಸೆಸರನ್ನು ಹತ್ತು ವರ್ಷದಲ್ಲಿ ನಾನು ಬದಲಿಸಲಿಲ್ಲ. ನನ್ನಂಥ ಸಣ್ಣ ಅಂಗಡಿಯವರು ಕೆಲಸ ನಡೆಯುತ್ತಿರುವ ಯಂತ್ರವನ್ನು ಬಿಚ್ಚುವುದೇ ಇಲ್ಲ.

ಇನ್ನು ಎಚ್610ನಲ್ಲಿ ಏನೇನು ಕಡಿಮೆ ಎಂದು ಒಂದೊಂದಾಗಿ ನೋಡಿದೆ. ರ‍್ಯಾಮ್ ಸ್ಲಾಟ್ ಎರಡೇ. ನಾನು ಬಳಸುವುದೂ ಎರಡೇ. ಎಂ.2 ಕಿಂಡಿ ಒಂದು, ಅದೂ ಪಿಸಿಐಇ 3.0 ವೇಗದ್ದು, ನನ್ನ ಹಾರ್ಡ್‌ಡಿಸ್ಕಿನ ವೇಗಕ್ಕೆ ಹೋಲಿಸಿದರೆ ಅದೇ ಇಪ್ಪತ್ತು ಪಟ್ಟು ಮೇಲೆ. ರ‍್ಯಾಮ್ 3200ರ ವೇಗಕ್ಕೆ ನಿಲ್ಲುತ್ತದೆ. ಹನ್ನೆರಡನೆಯ ತಲೆಮಾರಿಗೆ ಇಂಟೆಲ್ ಹೇಳಿರುವ ಡಿಡಿಆರ್4 ವೇಗವೂ ಅಷ್ಟೇ. ಲಗ್ನಪತ್ರಿಕೆಯ ಹಿಂದೆ ಬರೆದ ‘ಬೇಕು’ ಪಟ್ಟಿಗೂ ಎಚ್610ಕ್ಕೂ ಎಲ್ಲಿಯೂ ಜಗಳವಿರಲಿಲ್ಲ. ಹತ್ತಡಿ ಇಪ್ಪತ್ತಡಿ ಫ್ಲೆಕ್ಸಿನ ಕಡತ ತೆರೆದಾಗ ದುಡಿಯಬೇಕಾದ್ದು ಪ್ರೊಸೆಸರ್. ಐ5ಕ್ಕೆ ಮನಸ್ಸು ಮಾಡಿದೆ.

ಒಂದೇ ಅಳುಕು ಉಳಿದಿತ್ತು. ಆ ಕಪ್ಪು ಚೌಕಗಳು.

ಪ್ರೊಸೆಸರಿಗೆ ವಿದ್ಯುತ್ ಹೇಗೆ ಹೋಗುತ್ತದೆ ಎಂಬುದನ್ನು ಅಲ್ಲಿಯವರೆಗೂ ನಾನು ಯೋಚಿಸಿರಲಿಲ್ಲ. ಎಸ್‌ಎಂಪಿಎಸ್ ಕೊಡುವುದು 12 ವೋಲ್ಟ್. ಪ್ರೊಸೆಸರ್ ಕುಡಿಯುವುದು ಸುಮಾರು ಒಂದೂ ಕಾಲು ವೋಲ್ಟ್. ನಡುವೆ ಈ ಇಳಿಸುವ ಕೆಲಸ ಮಾಡುವ ಭಾಗಕ್ಕೆ ವಿಆರ್‌ಎಂ ಎನ್ನುತ್ತಾರೆ: ಕಪ್ಪು ಚೌಕದ ಮಾಸ್‌ಫೆಟ್‌ಗಳು, ಬೂದು ಬಣ್ಣದ ಪುಟ್ಟ ಡಬ್ಬಿಯಂಥ ಚೋಕ್‌ಗಳು, ಉರುಟು ಕೆಪಾಸಿಟರ್‌ಗಳು. ವೋಲ್ಟ್ ಇಳಿದಷ್ಟೂ ಆಂಪಿಯರ್ ಏರುತ್ತದೆ. 65 ವಾಟ್‌ನ ಪ್ರೊಸೆಸರಿಗೆ ಅಷ್ಟು ಕಡಿಮೆ ವೋಲ್ಟಿನಲ್ಲಿ ಐವತ್ತಕ್ಕೂ ಹೆಚ್ಚು ಆಂಪಿಯರ್ ಹರಿಯಬೇಕು. ಹೊಲದ ಐದು ಎಚ್‌ಪಿ ಪಂಪ್‌ಸೆಟ್ ಕೂಡ ಒಂದೊಂದು ತಂತಿಯಲ್ಲಿ ಎಳೆಯುವುದು ಏಳೆಂಟು ಆಂಪಿಯರ್. ಅಲ್ಲಿ ವೋಲ್ಟ್ ನಾನೂರರ ಮೇಲಿರುತ್ತದೆ ಅನ್ನಿ. ಐ5-12400 ಜೋರು ಮಾಡಿದಾಗ 117 ವಾಟ್‌ವರೆಗೂ ಏರುವ ಅವಕಾಶವಿದೆ. ಅಷ್ಟೂ ಆ ಚೌಕಗಳ ಮೂಲಕವೇ ಹಾದುಹೋಗಬೇಕು, ಹಾದುಹೋಗುವಾಗ ಅವು ಬಿಸಿಯಾಗುತ್ತವೆ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಹೊರಗಿನ ಬಿಸಿಯೇ 40 ಡಿಗ್ರಿ ದಾಟುತ್ತದೆ. ತಗಡಿನ ಮಾಳಿಗೆಯ ಅಂಗಡಿಯೊಳಗೆ, ಎರೆಮಣ್ಣಿನ ಧೂಳು ಹೊದ್ದುಕೊಂಡು, ದಿನಕ್ಕೆ ಹತ್ತು ತಾಸು ದುಡಿಯುವ ಮಾಸ್‌ಫೆಟ್‌ಗೆ ಬರಿ ಮೈಯಲ್ಲಿ ನಿಲ್ಲು ಎನ್ನುವುದು ಅನ್ಯಾಯ.

ಎಚ್610 ಬೋರ್ಡ್‌ಗಳಲ್ಲಿ ಬಹಳಷ್ಟರ ಮಾಸ್‌ಫೆಟ್‌ಗಳಿಗೆ ಹೊದಿಕೆಯಿಲ್ಲ. ಬೆಲೆ ಇಳಿಸುವಾಗ ಮೊದಲು ಕೈಬಿಡುವುದು ಅದನ್ನೇ. ಆದ್ದರಿಂದ ಅಂಗಡಿಯಲ್ಲಿ ಹೆಸರು ಕೇಳುವುದನ್ನು ಬಿಟ್ಟು ಚಿತ್ರ ನೋಡತೊಡಗಿದೆ. ಸಾಕೆಟ್ಟಿನ ಎಡಕ್ಕೆ ಲೋಹದ ದಪ್ಪ ಪಟ್ಟಿ ಇದೆಯೇ, ಅದನ್ನು ತಿರುಪಿನಿಂದ ಬಿಗಿದಿದ್ದಾರೆಯೇ, ಚೋಕ್‌ಗಳು ಎಷ್ಟು. ಆಸುಸ್, ಗಿಗಾಬೈಟ್, ಎಂಎಸ್‌ಐ, ಎಎಸ್‌ರಾಕ್, ಯಾವ ಕಂಪನಿಯಾದರೂ ಒಂದೇ ಚಿಪ್‌ಸೆಟ್ಟಿನ ಮೇಲೆ ನಾಲ್ಕೈದು ಬಗೆಯ ಬೋರ್ಡ್ ಮಾಡುತ್ತದೆ. ಹೆಸರಿನ ಬಾಲದಲ್ಲಿ ಒಂದು ಅಕ್ಷರ ಬದಲಾದರೆ ಒಂದರಲ್ಲಿ ಹೀಟ್‌ಸಿಂಕ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಒಂದರಲ್ಲಿ ವಿಜಿಎ ಇರುತ್ತದೆ, ಇನ್ನೊಂದರಲ್ಲಿ ಹೋಗಿರುತ್ತದೆ. ಸೀರಿಯಲ್ ಪೋರ್ಟಿನ ಮುಳ್ಳುಗಳಂತೂ ಪೆಟ್ಟಿಗೆಯ ಮೇಲೆ ಬರೆದಿರುವುದು ಅಪರೂಪ. ಅದಕ್ಕೆ ಕಂಪನಿಯ ಜಾಲತಾಣದಿಂದ ಕೈಪಿಡಿ ಇಳಿಸಿಕೊಂಡು, ಬೋರ್ಡಿನ ನಕ್ಷೆಯಿರುವ ಪುಟದಲ್ಲಿ ಹುಡುಕಬೇಕು. ಎರಡು ಸಂಜೆ ಇದೇ ಕೆಲಸ ಮಾಡಿದೆ. ಒಂಬತ್ತು ಬೋರ್ಡ್‌ಗಳಲ್ಲಿ ನನ್ನ ಪಟ್ಟಿಯೆಲ್ಲ ಹೊಂದಿದ್ದು ಎರಡು ಮಾತ್ರ. ಒಂದು ನಮ್ಮ ಊರಿನಲ್ಲೇ ಇತ್ತು.

ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ತಂತಿ ಸಿಗುತ್ತದಲ್ಲ, ಅದಕ್ಕೇಕೆ ಇಷ್ಟು ಪೇಚಾಟ ಎಂದು ಅಂಗಡಿಯವರು ಕೇಳಿದರು. ಅದನ್ನೂ ಲ್ಯಾಪ್‌ಟಾಪಿನಲ್ಲಿ ಆ ವಾರವೇ ನೋಡಿದ್ದೆ. ಅರ್ಧ ಅಕ್ಷರ ಕತ್ತರಿಸಿ ಪ್ಲಾಟರ್ ನಿಂತುಬಿಡುತ್ತಿತ್ತು. ಹಾಳೆ ಹಾಳು, ಗಿರಾಕಿ ಎದುರಿಗೇ ನಿಂತಿರುತ್ತಾನೆ.

ಆನ್‌ಲೈನಿನಲ್ಲಿ ಅದೇ ಬೋರ್ಡ್ 600 ರೂಪಾಯಿ ಕಡಿಮೆಗೆ ಇತ್ತು. ಆದರೂ ಊರಿನ ಅಂಗಡಿಯಲ್ಲೇ ಕೊಂಡೆ. ಮೂರು ವರ್ಷದ ವಾರಂಟಿ ಎಂದಾಗ ಅದನ್ನು ಹೊತ್ತು ತಿರುಗುವವರು ಯಾರು ಎಂಬುದನ್ನೂ ಬೆಲೆಯಲ್ಲಿ ಸೇರಿಸಬೇಕು. ಅಂಗಡಿಯವರು ಜಿಎಸ್‌ಟಿ ಬಿಲ್ಲಿನಲ್ಲಿ ಬೋರ್ಡಿನ ಕ್ರಮಸಂಖ್ಯೆ ಬರೆದುಕೊಡಲು ಒಪ್ಪಿದರು, ಕೆಟ್ಟರೆ ತಾವೇ ಕಳುಹಿಸಿ ತರಿಸುತ್ತೇವೆ ಎಂದರು. ಆ ಮಾತಿಗೆ 600 ರೂಪಾಯಿ ಹೆಚ್ಚಲ್ಲ.

ಹಣ ಎಣಿಸುವ ಮೊದಲು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಅಂಚಿನ ಚೀಟಿ ಓದಿದೆ. ಹೆಸರು ಸರಿಯಾಗಿತ್ತು, ಆದರೆ ಕೊನೆಯಲ್ಲಿ ‘ಡಿ4’ ಇರಲಿಲ್ಲ. ಎಲ್‌ಜಿಎ 1700ಕ್ಕೆ ಡಿಡಿಆರ್4ರ ಬೋರ್ಡೂ ಉಂಟು, ಡಿಡಿಆರ್5ರದ್ದೂ ಉಂಟು, ಹೆಸರು ಒಂದೇ. ರ‍್ಯಾಮ್ ಕಡ್ಡಿಗಳಲ್ಲಿ ಎರಡಕ್ಕೂ 288 ಕಾಲುಗಳೇ. ನಡುವಿನ ಕಚ್ಚು ಮಾತ್ರ ಸ್ವಲ್ಪ ಸರಿದಿರುತ್ತದೆ, ಒಂದು ಇನ್ನೊಂದರಲ್ಲಿ ಇಳಿಯುವುದಿಲ್ಲ. ಹೇಳಿದೆ. ಅಂಗಡಿಯವರು ನೋಡಿ, “ಒಳ್ಳೆಯದಾಯಿತು, ಈಗಲೇ ನೋಡಿದಿರಿ” ಎಂದು ಒಳಗೆ ಹೋಗಿ ಸರಿಯಾದದ್ದನ್ನು ತಂದರು. ಪ್ರೊಸೆಸರಿನ ಪೆಟ್ಟಿಗೆಯನ್ನೂ ಹಾಗೆಯೇ ತಿರುಗಿಸಿ ನೋಡಿದೆ. 12400ರ ಕೊನೆಗೆ ‘ಎಫ್’ ಅಕ್ಷರವಿದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬೋರ್ಡಿನಲ್ಲಿ ವಿಜಿಎ, ಎಚ್‌ಡಿಎಂಐ ಎಷ್ಟಿದ್ದರೂ ಪರದೆ ಕಪ್ಪಾಗಿಯೇ ಇರುತ್ತದೆ. ಅದು ಅಗ್ಗವಾದ್ದರಿಂದ ಕಂಪ್ಯೂಟರ್ ಕೊಳ್ಳುವ ಹುಡುಗರು ಮೋಸ ಹೋಗುವುದು ಇಲ್ಲಿಯೇ.

ಬೋರ್ಡ್ 7,200, ಪ್ರೊಸೆಸರ್ 14,300, 16 ಜಿಬಿಯ ಒಂದು ಕಡ್ಡಿ 3,400, 500 ಜಿಬಿ ಎಸ್‌ಎಸ್‌ಡಿ 3,600, ಎಸ್‌ಎಂಪಿಎಸ್ 3,000, ಕ್ಯಾಬಿನೆಟ್ 2,200. ಒಟ್ಟು 33,700. ಎಂಟೆಂಟು ಜಿಬಿಯ ಎರಡು ಕಡ್ಡಿ ಹಾಕಿದರೆ ವೇಗ ಹೆಚ್ಚು ಎಂಬುದು ನಿಜ, ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇರುವಾಗ ಇನ್ನೂ ನಿಜ. ಆದರೆ ಸ್ಲಾಟ್ ಎರಡೇ ಇರುವ ಬೋರ್ಡಿನಲ್ಲಿ ಎರಡನ್ನೂ ಇಂದೇ ತುಂಬಿದರೆ ಮುಂದೆ ಹೆಚ್ಚಿಸುವಾಗ ಇದ್ದದ್ದನ್ನು ಕಿತ್ತು ಎಸೆಯಬೇಕು. ಪತ್ರಿಕೆ ಕೆಲಸಕ್ಕೆ ಒಂದು ಸ್ಲಾಟ್ ಖಾಲಿ ಬಿಡುವುದೇ ಸರಿ ಎನಿಸಿತು.

ಜೋಡಣೆಗೆ ರಿಪೇರಿಯ ಹುಡುಗ ರಾತ್ರಿ ಎಂಟಕ್ಕೆ ಬಂದ. ಅಪ್ಪನೂ ಬಂದು ಕುರ್ಚಿ ಎಳೆದುಕೊಂಡು ಕೂತರು. ಇಂಟೆಲ್ ಬೋರ್ಡಿನಲ್ಲಿ ಮುಳ್ಳುಗಳು ಪ್ರೊಸೆಸರಿನಲ್ಲಿ ಇರುವುದಿಲ್ಲ, ಬೋರ್ಡಿನ ಸಾಕೆಟ್ಟಿನಲ್ಲೇ ಇರುತ್ತವೆ, 1700. ಅವುಗಳಲ್ಲಿ ಒಂದು ಬಾಗಿದರೂ ರ‍್ಯಾಮ್ ಕಾಣದಿರಬಹುದು, ಕಂಪ್ಯೂಟರ್ ಏಳದಿರಬಹುದು, ಬಾಗಿದ ಮುಳ್ಳಿಗೆ ವಾರಂಟಿಯೂ ಇಲ್ಲ. ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದ ಕೂಡಲೇ ಹುಡುಗ ಪ್ರೊಸೆಸರ್ ಇಡಲು ಹೊರಟ. ಅಪ್ಪ, “ತಡಿ ತಮ್ಮಾ” ಎಂದು ಕೈ ಅಡ್ಡ ಹಿಡಿದರು. ಒಳಗೆ ಹೋಗಿ ತಮ್ಮ ಹಿತ್ತಾಳೆಯ ಭೂತಗನ್ನಡಿ ತಂದರು. ಮೊಳೆಗಳ ಮುಖ ಸವೆದಿದೆಯೇ ಎಂದು ನೋಡಲು ಅವರು ಮೂವತ್ತು ವರ್ಷ ಬಳಸಿದ್ದು ಅದನ್ನೇ.

ಅದರೊಳಗಿಂದ ನಾನೂ ನೋಡಿದೆ. ಬರಿಗಣ್ಣಿಗೆ ಚಿನ್ನದ ಪುಡಿ ಚೆಲ್ಲಿದಂತೆ ಕಾಣುತ್ತಿದ್ದದ್ದು ಗಾಜಿನ ಕೆಳಗೆ ಸಾಲು ಸಾಲಾಗಿ ಒಂದೇ ದಿಕ್ಕಿಗೆ ವಾಲಿದ ಕೊಕ್ಕೆಗಳಾಗಿ ಕಂಡಿತು, ಗಾಳಿಗೆ ಬಾಗಿದ ಜೋಳದ ಹೊಲದಂತೆ. ಅಪ್ಪ ಒಂದು ಮೂಲೆಯಿಂದ ಶುರು ಮಾಡಿ ಸಾಲು ಬಿಡದೆ, ಪ್ರೂಫ್ ತಿದ್ದುವ ಹಾಗೆಯೇ ನೋಡುತ್ತ ಹೋದರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. “ಎಲ್ಲ ಒಂದೇ ಎತ್ತರಕ್ಕೆ ಇವೆ” ಎಂದು ಗಾಜು ಕೆಳಗಿಟ್ಟರು. ಹುಡುಗ ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಒತ್ತದೆ ಇಟ್ಟು, ಸನ್ನೆಗೋಲು ಇಳಿಸಿದ. ಕರ್ ಎಂಬ ಸದ್ದು ಬಂದಾಗ ನನ್ನ ಎದೆ ಧಸಕ್ಕೆಂದಿತು. ಆ ಸದ್ದು ಸಹಜ ಎಂದು ಅವನು ನಕ್ಕ. ಪ್ಲಾಸ್ಟಿಕ್ ಮುಚ್ಚಳವನ್ನು ನಾನು ಬಿಲ್ಲಿನ ಜೊತೆ ತೆಗೆದಿಟ್ಟೆ. ವಾರಂಟಿಗೆ ಬೋರ್ಡ್ ಕಳುಹಿಸುವಾಗ ಸಾಕೆಟ್ಟಿನ ಮೇಲೆ ಆ ಮುಚ್ಚಳ ಇರಲೇಬೇಕೆಂದು ಕೆಲವು ಕಂಪನಿಗಳು ಕೇಳುತ್ತವೆ.

ಉಳಿದ ಜೋಡಣೆ ಒಂದು ತಾಸಿನಲ್ಲಿ ಮುಗಿಯಿತು. ಮೊದಲ ಸಲವೇ ಪರದೆ ಬೆಳಗಿತು. ಬೋರ್ಡಿನದೇ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಪ್ರೊಸೆಸರಿನ ಹೆಸರು, 16 ಜಿಬಿ, ಎಸ್‌ಎಸ್‌ಡಿ ಮೂರೂ ಕಂಡವು. ಹದಿಮೂರು, ಹದಿನಾಲ್ಕನೆಯ ತಲೆಮಾರಿನ ಪ್ರೊಸೆಸರ್ ಹಾಕುವವರು ಮಾತ್ರ ಬೋರ್ಡಿನ ಬಯಾಸ್ ಆವೃತ್ತಿಯನ್ನು ಅಂಗಡಿಯಲ್ಲೇ ಕೇಳಿಕೊಳ್ಳಬೇಕು. ಹನ್ನೆರಡನೆಯದಕ್ಕೆ ಆ ತೊಡಕಿಲ್ಲ.

ತೊಡಕು ಬಂದದ್ದು ಪ್ಲಾಟರಿನಲ್ಲಿ. ಹಳೆಯ ಕ್ಯಾಬಿನೆಟ್‌ನಲ್ಲಿದ್ದ ಸೀರಿಯಲ್ ಬ್ರಾಕೆಟನ್ನೇ, ಅಂದರೆ ಮುಳ್ಳುಗಳನ್ನು ಹೊರಗಿನ ಪೋರ್ಟಿಗೆ ಜೋಡಿಸುವ ತಂತಿಯ ಪಟ್ಟಿಯನ್ನೇ, ಹೊಸ ಬೋರ್ಡಿನ ಮುಳ್ಳುಗಳಿಗೆ ಸಿಕ್ಕಿಸಿದ್ದೆ. ಅಚ್ಚುಕಟ್ಟಾಗಿ ಕೂತಿತು. ಆದರೆ ಪ್ಲಾಟರ್ ಮಿಸುಕಲಿಲ್ಲ. ಎರಡು ದಿನ ಡ್ರೈವರ್, ವೇಗ, ತಂತಿ ಎಲ್ಲವನ್ನೂ ಜಾಲಾಡಿದೆ. ಕೊನೆಗೆ ಮಲ್ಟಿಮೀಟರಿನ ಪೀಪ್ ಸದ್ದು ಹಿಡಿದು ಒಂದೊಂದು ಮುಳ್ಳನ್ನೂ ಕೈಪಿಡಿಯ ಕೋಷ್ಟಕದೊಂದಿಗೆ ತಾಳೆ ನೋಡಿದಾಗ ಗುಟ್ಟು ತಿಳಿಯಿತು. ಈ ಬ್ರಾಕೆಟ್‌ಗಳಲ್ಲಿ ಎರಡು ಬಗೆಯ ಹೆಣಿಗೆ ಇರುತ್ತದೆ. ಒಂದರಲ್ಲಿ ಬೋರ್ಡಿನ ಎರಡನೆಯ ಮುಳ್ಳು ಹೊರಗಿನ ಎರಡನೆಯದಕ್ಕೇ ಹೋಗುತ್ತದೆ, ಇನ್ನೊಂದರಲ್ಲಿ ಆರನೆಯದಕ್ಕೆ ಹೋಗುತ್ತದೆ. ನೋಡಲು ಎರಡೂ ಅವಳಿ. ನನ್ನದು ಎರಡನೆಯ ಬಗೆಯದು, ಹೊಸ ಬೋರ್ಡ್ ಕೇಳುತ್ತಿದ್ದದ್ದು ಮೊದಲನೆಯದು. ವಲ್ಲಭಭಾಯಿ ಚೌಕದ ಕಡೆಯ ಒಂದು ಹಳೆಯ ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಸರಿಯಾದದ್ದು ಸಿಕ್ಕಿತು, 250 ರೂಪಾಯಿ. ಕೊಳ್ಳುವ ಮೊದಲು ಅಲ್ಲೇ ಮೀಟರ್ ಹಚ್ಚಿ ನೋಡಿದೆ. ಆ ಸಂಜೆ ಟ್ರ್ಯಾಕ್ಟರಿನವರ ಹೆಸರು ಒಂದೇ ಉಸಿರಿನಲ್ಲಿ ಕತ್ತರಿಸಿ ಬಂತು. ಅಪ್ಪ ಸೂಜಿಯಿಂದ ಅಕ್ಷರಗಳ ಹೊಟ್ಟೆಯೊಳಗಿನ ಚೂರುಗಳನ್ನು ಎತ್ತುತ್ತ ಕೂತರು.

ಹೀಗೆ ಎತ್ತುವಾಗಲೇ ಅವರ ಮೊಣಕೈ ಕ್ಯಾಬಿನೆಟ್‌ಗೆ ತಗುಲಿ, “ಜುಮ್ಮೆನ್ನುತ್ತದಲ್ಲೋ” ಎಂದರು. ವಿದ್ಯುತ್ ಕೆಲಸದವರನ್ನು ಕರೆಸಿದೆ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರಿನಲ್ಲಿ 18 ವೋಲ್ಟ್ ಬಂತು. ಹಿತ್ತಲಿನ ಅರ್ತ್ ಗುಂಡಿಯ ಸುತ್ತ ಎರೆಮಣ್ಣು ಒಣಗಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿತ್ತು. ನಮ್ಮ ಮಣ್ಣು ಹಸಿಯಿದ್ದಾಗ ಒಳ್ಳೆಯ ಅರ್ತ್, ಬೇಸಿಗೆಯಲ್ಲಿ ಸರಳನ್ನೇ ಬಿಟ್ಟು ದೂರ ಸರಿಯುತ್ತದೆ. ಇದ್ದಿಲು, ಉಪ್ಪು ಹಾಕಿ ನಾಲ್ಕು ಕೊಡ ನೀರು ಸುರಿದ ಮೇಲೆ 2 ವೋಲ್ಟಿಗೆ ಇಳಿಯಿತು. ಹಳೆಯ ಬೋರ್ಡ್ ಹತ್ತು ಬೇಸಿಗೆ ಇದನ್ನೂ ಸಹಿಸಿತ್ತೆಂದು ಆಗ ತಿಳಿಯಿತು. ಈಗ ಯುಗಾದಿಯಿಂದ ಮಳೆ ಬೀಳುವವರೆಗೆ ವಾರಕ್ಕೊಂದು ಕೊಡ ನೀರು ಆ ಗುಂಡಿಗೆ ಮೀಸಲು. ಏಳು ಸಾವಿರದ ಬೋರ್ಡಿಗೆ ಇದಕ್ಕಿಂತ ಅಗ್ಗದ ಕಾವಲು ನನಗೆ ಗೊತ್ತಿಲ್ಲ.

ಮೇ ತಿಂಗಳಿನಲ್ಲಿ, ಹೊರಗೆ ಬಿಸಿಲು ಕೆಂಡದಂತಿದ್ದ ಒಂದು ಮಧ್ಯಾಹ್ನ, ಎರಡು ತಾಸು ಫ್ಲೆಕ್ಸಿನ ಕೆಲಸ ಮಾಡಿದ ಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು, ಕ್ಯಾಬಿನೆಟ್‌ನ ಬಾಗಿಲು ಬಿಚ್ಚಿ ಆ ಲೋಹದ ಪಟ್ಟಿಯ ಮೇಲೆ ಬೆರಳಿಟ್ಟು ನೋಡಿದೆ. ಬಿಸಿಯಿತ್ತು, ಬೆರಳು ತೆಗೆಯಬೇಕಾಗಲಿಲ್ಲ. 2025ರ ಬೇಸಿಗೆಯಲ್ಲಿ ಖಾಲಿ ಸ್ಲಾಟಿಗೆ ಇನ್ನೊಂದು 16 ಜಿಬಿ ಬಂತು. ಅದೇ ವರ್ಷದ ಕೊನೆಗೆ ಮೆಮೊರಿಯ ಬೆಲೆ ಕೈಗೆ ಸಿಗದಂತೆ ಏರಿದಾಗ, ಅದನ್ನು ಮುಂದೂಡದೆ ಇದ್ದದ್ದಕ್ಕೆ ನೆಮ್ಮದಿಯಾಯಿತು.

ಆ ದಿನಗಳಲ್ಲೇ ನಮ್ಮ ಸಾಲಿನ ಫೋಟೊ ಸ್ಟುಡಿಯೊದ ಕಾಕಾ ಬಂದು, ತಮ್ಮ ಕಂಪ್ಯೂಟರೂ ಹೋಗಿದೆ, ನಿನ್ನದೇ ಬೋರ್ಡ್ ಕೊಡಿಸು ಎಂದರು. ಹಳೆಯದನ್ನು ತೆಗೆದುಕೊಂಡು ಬನ್ನಿ ಎಂದೆ. ಚೀಲದಲ್ಲಿ ಹಾಕಿಕೊಂಡು ತಂದರು. ಪತ್ರಿಕೆ ಹಾಸಿ, ಟ್ಯೂಬ್‌ಲೈಟಿನ ಕೆಳಗೆ ಇಬ್ಬರೂ ಬಾಗಿ ನೋಡಿದೆವು. ರ‍್ಯಾಮ್ ಸ್ಲಾಟ್ ನಾಲ್ಕೂ ಹೊಳೆಯುತ್ತಿದ್ದವು. ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್ ಸ್ವಚ್ಛ, ಕ್ಯಾಮೆರಾದಿಂದ ವೀಡಿಯೊ ಇಳಿಸುವ ಕಾರ್ಡಿನದೂ ಸ್ವಚ್ಛ, ಸಾಟಾ ಕಿಂಡಿ ನಾಲ್ಕೂ ಬಳಸಿದ್ದರು. ಧೂಳು ಕೂತಿದ್ದದ್ದು ವಿಜಿಎ ಕಿಂಡಿಯಲ್ಲಿ ಮಾತ್ರ. ಅವರಿಗೆ ನಾಲ್ಕು ಸ್ಲಾಟಿನ ಬಿ760 ಎಂದು ಬರೆದುಕೊಟ್ಟೆ.